ಮಾಯಿದ ಗಾಯ

ಮಂಗಳೂರಿನ ಹಳೆಯ ಮನೆಗಳಲ್ಲಿ ಅಂಗಳಕ್ಕಿಳಿಯುವ ಮೆಟ್ಟಿಲುಗಳು ಮುರಕಲ್ಲಿನವು. ಮಳೆಗಾಲದಲ್ಲಿ ಪಾಚಿಗಟ್ಟಿದ ಆ ಕೆಂಪುಕಲ್ಲಿನ ಮೇಲೆ ಜಾರಿ ಮೊಣಕಾಲು ತರಚಿಕೊಳ್ಳದೆ ಬೆಳೆದ ಮಗು ಅಪರೂಪವೆಂದೇ ಹೇಳಬೇಕು. ಹಾಗೆ ಬಿದ್ದ ಹುಡುಗನೊಬ್ಬ ಮೊದಲ ದಿನ ಅತ್ತ. ಮೂರನೆಯ ದಿನಕ್ಕೆ ಗಾಯ ಹಕ್ಕಳೆಗಟ್ಟಿತು. ಐದನೆಯ ದಿನ ಅವನ ಬೆರಳು ತಾನಾಗಿಯೇ ಅಲ್ಲಿಗೆ ಹೋಯಿತು.

“ಕೀಳ್ಬೇಡ ಮಗಾ, ಕಲೆ ಉಳಿದೀತು” ಎಂದು ಅಜ್ಜಿ ಒಳಗಿನಿಂದಲೇ ಗದರಿದಳು.

ಅಜ್ಜಿಯ ಮಾತನ್ನು ವೈದ್ಯಶಾಸ್ತ್ರವೂ ಅಲ್ಲಗಳೆಯದು. ಹಕ್ಕಳೆಯೆಂಬುದು ಹೆಪ್ಪುಗಟ್ಟಿ ಒಣಗಿದ ರಕ್ತದ ಮುಚ್ಚಳ. ಅದರ ಮರೆಯಲ್ಲಿ ಹೊಸ ಚರ್ಮ ಅಂಚಿನಿಂದ ನಡುವಿಗೆ ತೆವಳುತ್ತದೆ. ಗಾಯ ಆಳವಾಗಿದ್ದರೆ ಮೊದಲು ಕೆಂಪಾದ ಹಸಿಮಾಂಸ ತುಂಬಿಕೊಂಡು, ಬಳಿಕ ಕೊಲಾಜೆನ್ ಎಂಬ ನಾರು ಬೆಳೆಯುತ್ತದೆ. ಮೊದಲಿನ ಚರ್ಮದಲ್ಲಿ ಚಾಪೆಯಂತೆ ಹೆಣೆದುಕೊಂಡಿದ್ದ ಈ ನಾರು ಈಗ ಒಂದೇ ದಿಕ್ಕಿಗೆ ಸಾಲುಗಟ್ಟುತ್ತದೆ. ಆ ತೇಪೆಯ ಮೇಲೆ ರೋಮ ಹುಟ್ಟದು, ಬೆವರೂ ಒಸರದು. ತಿಂಗಳುಗಟ್ಟಲೆ ಕಳೆದರೂ ಅದಕ್ಕೆ ಕೂಡುವ ಬಲ ಹಳೆಯ ಚರ್ಮದ ಶೇಕಡಾ 80ರಷ್ಟು ಮಾತ್ರ.

ಇನ್ನು ಶಬ್ದಗಳ ಸಂಗತಿ. ಹಳಗನ್ನಡದ ‘ಪುಣ್’ ಹೊಸಗನ್ನಡದಲ್ಲಿ ‘ಹುಣ್ಣು’ ಆಯಿತು. ತುಳುವಿನಲ್ಲಿ ಮಾತ್ರ ಆ ಪಕಾರ ಇಂದಿಗೂ ಅಳಿದಿಲ್ಲ. ‘ಕಲೆ’ಯ ಪಾಡು ಬೇರೆ. ಸಂಗೀತವೂ ಕಲೆ, ಗೇರುಹಣ್ಣಿನ ರಸ ಸೋಕಿದ ಅಂಗಿಯ ಗುರುತೂ ಕಲೆ! ಕಿಟ್ಟೆಲರ ಬೃಹತ್ ನಿಘಂಟು 1894ರಲ್ಲಿ ಪ್ರಕಟವಾದದ್ದು ಇದೇ ಊರಿನಿಂದ. ಅಜ್ಜಿಗೆ ಅದರ ಹಂಗಿಲ್ಲ. ಆದರೆ ‘ಮಾಯು’ವುದಕ್ಕೂ ‘ಮಾಯವಾಗು’ವುದಕ್ಕೂ ಇರುವ ಅಂತರವನ್ನು ಅವಳಷ್ಟು ಬಲ್ಲವರು ವಿರಳ. ಮಾಯಿದ ಗಾಯ ಕೂಡಿಕೊಂಡಿರುತ್ತದೆ, ಅಷ್ಟೆ, ಮಾಯವಾಗಿರುವುದಿಲ್ಲ.

ಅವಳ ಬಲಗೈಯ ಮೇಲೆ, ಮಣಿಕಟ್ಟಿನಿಂದ ಮೊಣಕೈಯವರೆಗೆ, ಸುಟ್ಟ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತದೆ. ಬಹಳ ವರ್ಷಗಳ ಹಿಂದೆ, ಕುದಿಯುವ ಗಂಜಿಯ ಪಾತ್ರೆ ಚೊಚ್ಚಲ ಮಗುವಿನ ಮೇಲೆ ಉರುಳಿದಾಗ ಅವಳು ಅಡ್ಡ ಹಿಡಿದ ಕೈ ಅದು. ಆ ಮಗು ಉಳಿಯಲಿಲ್ಲವೆಂಬುದನ್ನು ಮನೆಯಲ್ಲಿ ಯಾರೂ ಎತ್ತಿ ಆಡುವುದಿಲ್ಲ. ಹುಡುಗನಿಗೆ ಇದೊಂದೂ ತಿಳಿಯದು. ಅವನು ಆ ನುಣುಪನ್ನು ಬೆರಳಿನಿಂದ ಮುಟ್ಟಿ ನೋಡಿದ.

“ನೋವುಂಟಾ ಅಜ್ಜಿ?”

“ಇಲ್ಲ ಮಗಾ, ಅದು ಮಾಯಿ ಎಷ್ಟೋ ಸಮಯ ಆಯ್ತು.”

ಹಾಗೆಂದು ಸೆರಗನ್ನು ಕೈಯ ಮೇಲೆ ಎಳೆದುಕೊಂಡು, ಅವನ ಮೊಣಕಾಲಿಗೆ ತೆಂಗಿನೆಣ್ಣೆ ಸವರತೊಡಗಿದಳು.