ಸೀಸದ ಸಿಪಾಯಿಗಳು

ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಪದ್ಧತಿ ನಮ್ಮ ಹಾಸನದ ಸೀಮೆಯಲ್ಲಿ ಇನ್ನೂ ಉಳಿದಿರುವುದನ್ನು ವಾಚಕರು ಬಲ್ಲರು. ಪಟ್ಟದ ಬೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಜಂಬೂಸವಾರಿಯನ್ನು ಹೂಡುವುದು ನಮ್ಮ ಮನೆಯ ವಾಡಿಕೆ. ಅದರ ಬೆರಳುದ್ದದ ಹದಿನಾಲ್ಕು ಮಂದಿ ಸಿಪಾಯಿಗಳನ್ನು ನಾವು ಅರಕಲಗೂಡಿನಲ್ಲಿ ಬಾಲಕರಾಗಿದ್ದಾಗ ಸೀಸ ಕರಗಿಸಿ ಎರಕ ಹೊಯ್ದೆವು. ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಹೊಳೆನರಸೀಪುರದಲ್ಲಿ ಹೇಮಾವತಿಯ ದಡದ ಬೆಸ್ತರಿಂದ ಕೊಂಡು ತರುತ್ತಿದ್ದೆವು. ಒಮ್ಮೆ ಮಣ್ಣಿನ ಅಚ್ಚು ಪೂರ್ತಿ ಒಣಗಿರಲಿಲ್ಲ. ಕಾದ ಸೀಸ ತಗುಲಿದೊಡನೆ ಒಳಗಿನ ತೇವವು ಆವಿಯಾಗಿ ಸಿಡಿಯಿತು. ಎಡಗೈಯ ಮಣಿಕಟ್ಟಿನ ಮೇಲೆ ಅದರ ಕಲೆ ಈಗಲೂ ಇದೆ. ಚನ್ನರಾಯಪಟ್ಟಣದಲ್ಲಿ ಉಪಾಧ್ಯಾಯರಾಗಿದ್ದಾಗ ಆ ಕಲೆಯನ್ನು ತೋರಿಸಿಯೇ ಹುಡುಗರಿಗೆ ಬೆಂಕಿಯ ಭಯವನ್ನು ಬೋಧಿಸಿದ್ದುಂಟು.

ಹೋದ ವರ್ಷ ದಸರೆಯ ರಜಕ್ಕೆ ಮುಂಚೆಯೇ ಹದಿಮೂರು ವರ್ಷದ ಮೊಮ್ಮಗನು, “ತಾತ, ಇನ್ನೊಂದು ಸಾಲು ಸಿಪಾಯಿಗಳನ್ನು ಮಾಡೋಣ” ಎಂದನು. ನಮಗೂ ಹುರುಪು ಬಂದಿತು. ಅಚ್ಚುಗಳನ್ನು ಮೂರು ದಿನ ಬಿಸಿಲಿಗಿಟ್ಟೆವು. ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಗವಸು, ಸುತ್ತಮುತ್ತ ಒಂದು ಹನಿ ನೀರಿಲ್ಲ. ಬೆಂಕಿಯ ವಿಷಯದಲ್ಲಿ ನಾವು ತೋರಿದ ಜಾಗರೂಕತೆಯನ್ನು ಯಾರಾದರೂ ಮೆಚ್ಚಬೇಕು. ಕರಗಿದ ಸೀಸದ ಮೇಲೆ ಕಟ್ಟಿದ ಬೂದು ಕಿಟ್ಟವನ್ನು ಮಾತ್ರ ಚಮಚದಿಂದ ತೆಗೆದು ಹಿತ್ತಿಲ ಜಗಲಿಯ ಮೇಲೆಯೇ ಕೊಡಹಿದೆವು. ಹುಡುಗನು ನಡುಮನೆಯಲ್ಲಿ ಕುಳಿತು ಬೊಂಬೆಗಳ ಅಂಚನ್ನು ಅರದಿಂದ ಉಜ್ಜಿದನು. ಉದುರಿದ ಪುಡಿಯನ್ನು ಪೊರಕೆಯಿಂದ ಗುಡಿಸಿದೆವು. ಅದೇ ನೆಲದ ಮೇಲೆ ಒಂದೂವರೆ ವರ್ಷದ ಮೊಮ್ಮಗಳು ಆಡುತ್ತಿದ್ದಳು.

“ಮಾವ, ಮಗು ಸಿಪಾಯಿಯನ್ನು ಚೀಪುತ್ತಿದ್ದಾಳೆ. ಇದು ಸೀಸವಲ್ಲವೆ? ಮನೆಯೊಳಗೆ ಬೇಡ” ಎಂದಳು ಸೊಸೆ.

“ನಾವು ನಾಲ್ವತ್ತೈದು ವರ್ಷದಿಂದ ಮುಟ್ಟುತ್ತಿದ್ದೇವೆ, ನಮಗೇನಾಗಿದೆಯಮ್ಮ?” ಎಂದೆವು. ಆಕೆ ಎದುರಾಡಲಿಲ್ಲ. ಮರುದಿನ ಮಗುವನ್ನು ಎತ್ತಿಕೊಂಡು ಹೋಗಿ ರಕ್ತ ಪರೀಕ್ಷೆಗೆ ಕೊಟ್ಟು ಬಂದಳು.

ಒಂದು ಡೆಸಿಲೀಟರ್ ರಕ್ತದಲ್ಲಿ ೯ ಮೈಕ್ರೋಗ್ರಾಂ ಸೀಸವಿದೆಯೆಂದು ವರದಿ ಬಂದಿತು. ೫ ಮುಟ್ಟಿದರೆ ಸೀಸದ ಮೂಲವನ್ನು ಹುಡುಕಿ ತೆಗೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ತಿಳಿಸಿದೆ. ಅದಕ್ಕಿಂತ ಕಡಿಮೆಯಾದರೂ ನಿರಪಾಯವೆನ್ನುವ ಮಿತಿಯಿಲ್ಲ. ನುಂಗಿದ ಸೀಸವನ್ನು ಮಕ್ಕಳ ದೇಹವು ದೊಡ್ಡವರಿಗಿಂತ ನಾಲ್ಕೈದು ಪಾಲು ಹೆಚ್ಚಾಗಿ ಹೀರುವುದಂತೆ. ಅದು ಸುಣ್ಣದಂಶದ ಜಾಗದಲ್ಲಿ ಎಲುಬನ್ನು ಸೇರಿ ದಶಕಗಳ ಕಾಲ ಅಲ್ಲಿಯೇ ನಿಲ್ಲುವುದು. ಬೆಳೆಯುವ ಮಿದುಳನ್ನು ಕುಂಠಿತಗೊಳಿಸುವುದು. ಇದಾವುದಕ್ಕೂ ನೋವಿಲ್ಲ, ಕಲೆಯಿಲ್ಲ.

ಸೀಸವು ೩೨೭ ಡಿಗ್ರಿಯಲ್ಲಿ ಕರಗುತ್ತದೆ. ಅಷ್ಟು ಕಾವಿನಲ್ಲಿ ಅದರಿಂದ ಆವಿ ಏಳುವುದು ಅತ್ಯಲ್ಪ. ನಮ್ಮ ಮನೆಯ ವಿಷವೆಲ್ಲ ಆ ಕಿಟ್ಟದಲ್ಲಿಯೂ ಅರದ ಪುಡಿಯಲ್ಲಿಯೂ ಇತ್ತೆಂದು ವೈದ್ಯರು ತಿಳಿಸಿದರು. ಅಮರಕೋಶದಲ್ಲಿ ಸೀಸಕ್ಕೆ ‘ನಾಗ’ವೆಂಬ ಹೆಸರುಂಟು. ಮೂವತ್ತು ವರ್ಷ ಅದನ್ನು ಪಾಠ ಹೇಳಿದೆವು; ಲೋಹಕ್ಕೆ ಹಾವಿನ ಹೆಸರೇಕೆಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ, ನಾವೂ ನಿಂತು ಯೋಚಿಸಲಿಲ್ಲ.

ಪೊರಕೆಯು ಪುಡಿಯನ್ನು ಗಾಳಿಗೆ ಎಬ್ಬಿಸುವುದರಿಂದ ನೆಲವನ್ನೂ ಜಗಲಿಯನ್ನೂ ಒದ್ದೆ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿದೆವು. ಕರಗಿಸಿದ ಪಾತ್ರೆಯನ್ನು ಅಡಿಗೆಯ ಮನೆಯ ಹತ್ತಿರವೂ ಸೇರಿಸಲಿಲ್ಲ. ಮೊಮ್ಮಗನು ಕಲೆಯನ್ನು ಬಿಟ್ಟಿಲ್ಲ, ಬಿಡೆಂದು ನಾವೂ ಹೇಳಲಿಲ್ಲ. ಈಗ ಸೀಸ ಬೆರೆಯದ ತವರದ ಮಿಶ್ರಲೋಹವನ್ನು ತರಿಸುತ್ತಾನೆ. ಅದನ್ನೂ ಹೊರಗಿನ ಕೊಟ್ಟಿಗೆಯಲ್ಲಿ ಕಾಗದ ಹಾಸಿಕೊಂಡು, ನೀರಿನಲ್ಲಿ ನೆನೆಸಿದ ಉಪ್ಪುಕಾಗದದಿಂದ ಉಜ್ಜುತ್ತಾನೆ. ಅಲ್ಲಿ ತಿಂಡಿ ತಿನ್ನುವಂತಿಲ್ಲ. ಅಂಗಿ ಬದಲಿಸಿ, ಸಾಬೂನಿನಿಂದ ಕೈ ತೊಳೆದ ಮೇಲೆಯೇ ಒಳಗೆ ಪ್ರವೇಶ. ಕಟ್ಟಳೆಗಳೆಲ್ಲ ಸೊಸೆಯವು; ಪಾಲಿಸಲು ಮೊದಲು ಕಷ್ಟಪಟ್ಟವರು ನಾವೇ.

ಹಳೆಯ ಹದಿನಾಲ್ವರಿಗೆ ನಾವು ಹಚ್ಚಿದ್ದ ಬಣ್ಣವೂ ನಂಬತಕ್ಕದ್ದಲ್ಲ. ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ ೯೦ ಭಾಗವನ್ನು ಮೀರಬಾರದೆಂಬ ನಿಯಮವು ನಮ್ಮ ದೇಶದಲ್ಲಿ ಜಾರಿಗೆ ಬಂದುದೇ ೨೦೧೭ರಲ್ಲಿ. ಆದುದರಿಂದ ಅವರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೇವೆ. ಮಗುವಿನ ರಕ್ತದಲ್ಲಿ ಮೂರು ತಿಂಗಳಿಗೆ ೬ ಇದ್ದುದು ಈ ಶ್ರಾವಣದಲ್ಲಿ ೩ಕ್ಕೆ ಇಳಿದಿದೆ. ಸೊಸೆಯ ಕ್ಷಮೆಯನ್ನು ನಾವು ಇದುವರೆಗೆ ಬಾಯಿಬಿಟ್ಟು ಕೇಳಿಲ್ಲ. ಈ ಪತ್ರಿಕೆ ಮನೆಗೆ ಬಂದ ದಿನ ಮೊದಲು ಬಿಚ್ಚಿ ಓದುವವಳು ಆಕೆಯೇ.