ಅಪ್ಪನ ಬೈಕು ಮತ್ತು ಮೂರು ಹಳದಿ ವೈರು

ಆಫೀಸಿನಲ್ಲಿ ನನ್ನ ಕೆಲಸ ಅಂದ್ರೆ ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕೋದು. ಹೊಸದಾಗಿ ಸೇರಿದ ಹುಡುಗರು "ರೀಸ್ಟಾರ್ಟ್ ಮಾಡಿದೆ, ಸರಿಹೋಯ್ತು" ಅಂದ್ರೆ ನಂಗೆ ಮೈಯೆಲ್ಲ ಉರಿಯುತ್ತೆ. "ಲಾಗ್ ನೋಡಿದ್ಯಾ? ಯಾಕೆ ನಿಂತಿತ್ತು ಅಂತ ಗೊತ್ತಾಯ್ತಾ?" ಅಂತ ದೊಡ್ಡ ಮನುಷ್ಯನ ಹಾಗೆ ಭಾಷಣ ಬಿಗಿಯುತ್ತೇನೆ. ಇಂಥ ನಾನು ಅಪ್ಪನ ಬೈಕಿನ ವಿಷಯದಲ್ಲಿ ಮಾಡಿದ್ದೇನು ಅಂತ ಗೊತ್ತಾದ್ರೆ ಆ ಹುಡುಗರು ಬಿದ್ದು ಬಿದ್ದು ನಗ್ತಾರೆ. ಅವರ್ಯಾರೂ ಕನ್ನಡ ಬ್ಲಾಗು ಓದಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದೀನಿ...

ನಮ್ಮೂರು ಸಾಗರದ ಹತ್ತಿರ. ಅಪ್ಪನ ಬೈಕು 2014ರದ್ದು. ಪೇಟೆಗೆ, ಸೊಸೈಟಿಗೆ, ಆಟಕ್ಕೆ (ಅದೇ, ಯಕ್ಷಗಾನಕ್ಕೆ) ಎಲ್ಲದಕ್ಕೂ ಅದೇ. ಹೋದ ಮಳೆಗಾಲ ಮುಗಿಯೋ ಹೊತ್ತಿಗೆ ಒಂದಿನ ಫೋನ್ ಮಾಡಿ "ಸೆಲ್ಫ್ ತಗತ್ತಿಲ್ಲೆ" ಅಂದ. ನಾನು ಮೀಟಿಂಗಿನಲ್ಲಿದ್ದೆ. "ಬ್ಯಾಟರಿ ಹೋಗಿರುತ್ತೆ, ಹೊಸದು ಹಾಕ್ಸು" ಅಂದೆ. ಹಾಕಿಸಿದ. ಎರಡು ತಿಂಗಳಿಗೆ ಮತ್ತೆ ಅದೇ ಕತೆ. ಅಷ್ಟರಲ್ಲಿ ನಾನು ನಾಲ್ಕು ವಿಡಿಯೋ ನೋಡಿ ಜ್ಞಾನಿಯಾಗಿದ್ದೆ. ರೆಗ್ಯುಲೇಟರ್ ಹೋಗಿದೆ ಅಂತ ಬೆಂಗಳೂರಿಂದಲೇ ತೀರ್ಪು ಕೊಟ್ಟು, ಹೊಸದೊಂದನ್ನ ಕೊರಿಯರ್ ಮಾಡಿದೆ. ಅದನ್ನೂ ಹಾಕಿದ್ದಾಯ್ತು. ಬ್ಯಾಟರಿ ಮತ್ತೆ ಸತ್ತಿತು.

ಪ್ರತಿ ಸಲವೂ ಅಪ್ಪ ಒಂದು ಮಾತು ಹೇಳ್ತಿದ್ದ. "ತಮಾ, ಹಗಲಿಗೆ ಓಡ್ಸಿರೆ ಎಂತೂ ಆಗ್ತಿಲ್ಲೆ. ರಾತ್ರಿ ಓಡ್ಸಿದ ಮಾರನೇ ದಿನವೇ ಹಿಂಗೆ ಮಾಡ್ತು." ನಾನು ನಕ್ಕು, "ಅದಕ್ಕೇನು ದೆವ್ವ ಮೆಟ್ಟಿಕೊಂಡಿದ್ಯಾ?" ಅಂದಿದ್ದೆ.

ಯುಗಾದಿಗೆ ಊರಿಗೆ ಹೋದಾಗ ಅಮ್ಮ ಹೇಳಿದ್ಲು. ಜನವರಿಯಲ್ಲಿ ಆಟ ನೋಡಿ ಬರುವಾಗ ಹೆಡ್‌ಲೈಟು ಮಂಕಾಗ್ತಾ ಮಂಕಾಗ್ತಾ, ಕೊನೆಗೆ ಎಂಜಿನ್ನೇ ನಿಂತುಹೋಯ್ತಂತೆ. ಈ ಬೈಕಿನಲ್ಲಿ ಬ್ಯಾಟರಿ ಪೂರ್ತಿ ಸತ್ತರೆ ಇಗ್ನಿಷನ್ನಿಗೂ ಕರೆಂಟಿಲ್ಲ, ಕಿಕ್ ಹೊಡೆದರೂ ಉಪಯೋಗವಿಲ್ಲ. ಅಪ್ಪ ಮೊಬೈಲ್ ಟಾರ್ಚು ಅಂಗಿ ಕಿಸೆಯಲ್ಲಿಟ್ಟುಕೊಂಡು ಮೂರು ಕಿಲೋಮೀಟರ್ ಕಾಡುದಾರಿಯಲ್ಲಿ ಬೈಕು ತಳ್ಳಿಕೊಂಡು ಬಂದಿದ್ದ. ಅವತ್ತಿಂದ ಆಟಕ್ಕೆ ಹೋಗೋದೇ ಬಿಟ್ಟಿದ್ದ. ನಂಗೆ ಮಾತ್ರ ಹೇಳಿರಲಿಲ್ಲ. ಹೇಳಿದ್ರೂ ನಾನು ಮೀಟಿಂಗಿನಲ್ಲಿರ್ತಿದ್ದೆ ಬಿಡಿ.

ಮಾರನೇ ದಿನ ಪೇಟೆಯಿಂದ ಒಂದು ಮಲ್ಟಿಮೀಟರ್ ತಂದೆ.

ಚಾರ್ಜಿಂಗ್ ಅಂದ್ರೆ ಅಂಥ ಬ್ರಹ್ಮವಿದ್ಯೆ ಏನಲ್ಲ. ಎಂಜಿನ್ ಜೊತೆ ಅಯಸ್ಕಾಂತ ಸುತ್ತುತ್ತೆ, ಅದರೊಳಗಿನ ಕಾಯಿಲಿನಲ್ಲಿ (ಸ್ಟೇಟರ್ ಅಂತಾರೆ) ಎಸಿ ಕರೆಂಟ್ ಹುಟ್ಟುತ್ತೆ. ನಮ್ಮ ಬೈಕಿನಲ್ಲಿ ಅದು ಮೂರು ಹಳದಿ ವೈರಿನ ಮೂಲಕ ರೆಗ್ಯುಲೇಟರ್-ರೆಕ್ಟಿಫೈಯರ್ ಅನ್ನೋ ಡಬ್ಬಿಗೆ ಹೋಗುತ್ತೆ. ಡಬ್ಬಿ ಅದನ್ನ ಡಿಸಿ ಮಾಡಿ, 14 ವೋಲ್ಟಿನ ಆಸುಪಾಸಿನಲ್ಲಿ ಹಿಡಿದಿಟ್ಟು ಬ್ಯಾಟರಿಗೆ ಕೊಡುತ್ತೆ.

ರಾತ್ರಿಯಿಡೀ ಚಾರ್ಜರಿಗೆ ಹಾಕಿದ್ದ ಬ್ಯಾಟರಿ 12.6 ತೋರಿಸ್ತು. ಎಂಜಿನ್ ಸ್ಟಾರ್ಟ್ ಮಾಡಿದೆ, 13.7. ಎಲ್ಲಾ ಸರಿಯಾಗೇ ಇದೆಯಲ್ಲ! "ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿ ಓಡ್ತಿದೆ" ಅಂತ ಎದ್ದು ಹೋಗೋದೊಂದು ಬಾಕಿ. ಜಗಲಿ ಮೇಲೆ ಕವಳ ಹಾಕ್ತಾ ಕೂತಿದ್ದ ಅಪ್ಪ, "ಲೈಟು ಹಾಕಿ ನೋಡು" ಅಂದ.

ಹಾಕಿದೆ. 12.4. ರೇಸ್ ಮಾಡಿದರೂ ಏರಲಿಲ್ಲ. ನೋಡ್ತಾ ಇದ್ದಂಗೇ ಇನ್ನೂ ಇಳೀತು.

ಹಳೇ ಕಾಲದ ಎಷ್ಟೋ ಬೈಕುಗಳಲ್ಲಿ ಹೆಡ್‌ಲೈಟು ನೇರ ಕಾಯಿಲಿಂದ ಉರೀತಿತ್ತು, ಅದಕ್ಕೇ ರೇಸ್ ಮಾಡಿದ್ರೆ ಬೆಳಕು ಜಾಸ್ತಿಯಾಗ್ತಿತ್ತು. ನಮ್ಮದು ಬ್ಯಾಟರಿ ಮೇಲೆ ಉರಿಯೋದು. 35 ವ್ಯಾಟಿನ ಬಲ್ಬು ಅಂದ್ರೆ ಹತ್ತಿರ ಹತ್ತಿರ 3 ಆಂಪಿಯರ್. ಹಗಲು ಲೈಟಿಲ್ಲದಾಗ ಅರೆಬರೆ ಚಾರ್ಜಿಂಗೇ ಸಾಕಾಗ್ತಿತ್ತು. ರಾತ್ರಿ ಸಾಲದೆ, ಬ್ಯಾಟರಿಯ ಗಂಟು ಕರಗ್ತಿತ್ತು. ಅಪ್ಪ ಆರು ತಿಂಗಳಿಂದ ಹೇಳ್ತಿದ್ದದ್ದು ಇದನ್ನೇ! ಇಷ್ಟು ಚೊಕ್ಕವಾದ ಬಗ್ ರಿಪೋರ್ಟು ನಂಗೆ ಆಫೀಸಿನಲ್ಲಿ ಇವತ್ತಿನವರೆಗೂ ಯಾರೂ ಕೊಟ್ಟಿಲ್ಲ.

ಕಾಯಿಲು ಪರೀಕ್ಷೆ ಮಾಡೋಣ ಅಂತ ಎಂಜಿನ್ ನಿಲ್ಲಿಸಿ, ಸೀಟು ಬಿಚ್ಚಿ, ಹಳದಿ ವೈರುಗಳ ಕನೆಕ್ಟರ್ ಕಳಚಿದೆ. ಎರಡು ಪಿನ್ನು ಹೊಳೀತಿದ್ವು. ಮೂರನೆಯದು ಕಿಲುಬು ಹಿಡಿದು ಸುಟ್ಟು ಕಪ್ಪಾಗಿತ್ತು, ಸುತ್ತಲಿನ ಪ್ಲಾಸ್ಟಿಕ್ಕು ಕರಗಿತ್ತು.

ಆದರೂ ಈ ಸಲ ಅವಸರ ಮಾಡಲಿಲ್ಲ. ಕನೆಕ್ಟರ್ ಕಳಚಿದ ಹಾಗೇ ಎಂಜಿನ್ ಓಡಿಸಿ, ಮೀಟರನ್ನ ಎಸಿಗಿಟ್ಟು, ಕಾಯಿಲಿನ ಕಡೆಯ ವೈರುಗಳನ್ನ ಎರಡೆರಡಾಗಿ ನೋಡಿದೆ. ಮೂರು ಜೋಡಿಯಲ್ಲೂ ಒಂದೇ ವೋಲ್ಟೇಜು. ಎಂಜಿನ್ ನಿಲ್ಲಿಸಿ, ಯಾವುದಾದರೂ ವೈರು ಬಾಡಿಗೆ ತಾಗಿದೆಯಾ ಅಂತ ನೋಡಿದೆ, ಇಲ್ಲ. ಕಾಯಿಲು ಗಟ್ಟಿಮುಟ್ಟಾಗಿತ್ತು. ಹಳೇ ಬ್ಯಾಟರಿ, ಹಳೇ ರೆಗ್ಯುಲೇಟರು ಬಹುಶಃ ನಿರಪರಾಧಿಗಳು. ಕೆಟ್ಟಿದ್ದು ಅವು ಕೂಡೋ ಜಾಗ.

ಸುಟ್ಟ ಭಾಗ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದ್ವಿ. ಖರ್ಚು ಅರವತ್ತು ರೂಪಾಯಿ. ಲೈಟು ಹಾಕಿ ಸ್ವಲ್ಪ ರೇಸ್ ಮಾಡಿದ್ರೆ 13.9!

ನಿಮ್ಮ ಬೈಕೂ ಹೀಗೆ ಬ್ಯಾಟರಿ ತಿನ್ನುತ್ತಿದ್ರೆ ಎರಡು ಮಾತು. ಲೈಟು ಹಾಕಿ ಅಳೆಯಿರಿ. 13ಕ್ಕಿಂತ ಕೆಳಗೇ ಉಳಿದರೆ ಮೊದಲು ಕನೆಕ್ಟರ್ ನೋಡಿ, 15 ದಾಟಿದರೆ ರೆಗ್ಯುಲೇಟರ್ ಮೇಲೆ ಅನುಮಾನ ಪಡಿ. ಎಂಜಿನ್ ಓಡ್ತಿರುವಾಗ ಬ್ಯಾಟರಿ ವೈರು ಮಾತ್ರ ಕೀಳಬೇಡಿ, ಒಳಗಿನ ಎಲೆಕ್ಟ್ರಾನಿಕ್ಸ್ ಹೋಗಬಹುದು. 2017ರ ಏಪ್ರಿಲ್ ನಂತರದ ಹೊಸ ಬೈಕುಗಳಲ್ಲಿ ಹೆಡ್‌ಲೈಟು ಸದಾ ಉರೀತಿರುತ್ತೆ, ಹಾಗಾಗಿ ಹಗಲು-ರಾತ್ರಿಯ ಸುಳಿವು ಅಲ್ಲಿ ಸಿಗಲ್ಲ.

ಅವತ್ತು ರಾತ್ರಿ ಪಕ್ಕದೂರಲ್ಲಿ ಕಾಲಮಿತಿಯ ಆಟ ಇತ್ತು. "ಹೋಗಿ ಬಾ" ಅಂತ ನಾನೇ ಹೇಳಿ ಕಳಿಸಿದೆ. ಆಮೇಲೆ ನಿದ್ದೆ ಬಂದ್ರೆ ಕೇಳಿ! ಹನ್ನೆರಡೂವರೆಯಿಂದ ಅಂಗಳದಲ್ಲಿ ನಿಂತಿದ್ದೆ. ಒಂದು ಗಂಟೆ ದಾಟಿದ ಮೇಲೆ ತೋಟದ ತಿರುವಿನಲ್ಲಿ ಬೆಳಕು ಕಾಣಿಸ್ತು, ಅಡಿಕೆ ಮರಗಳ ನೆರಳು ಸಾಲಾಗಿ ಗೋಡೆ ಮೇಲೆ ಸರೀತು.

"ಇನ್ನೂ ಮಲಗಿದ್ದಿಲ್ಯನಾ?" ಅಂದ ಅಪ್ಪ.

"ಇಲ್ಲೆ, ಸೆಖೆ" ಅಂದೆ.