ಅರ್ಥಧಾರಿ ಇಲ್ಲದ ಆಟ

ನಮ್ಮ ಅಜ್ಜನ ಬಾಯಲ್ಲಿ ಹೊಗಳಿಕೆಗೆಂದು ಇದ್ದದ್ದು ಒಂದೇ ಮಾತು: ‘ಅಡ್ಡಿಲ್ಲೆ’. ಅಮ್ಮ ಅರ್ಧ ದಿನ ಒದ್ದಾಡಿ ಮಾಡಿದ ಪತ್ರೊಡೆಗೂ ಅಡ್ಡಿಲ್ಲೆ, ನಾನು ಎಸ್ಸೆಸ್ಸೆಲ್ಸಿಯಲ್ಲಿ ತೆಗೆದ ಮಾರ್ಕಿಗೂ ಅಡ್ಡಿಲ್ಲೆ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ, ಬೆಳಗಿನ ಜಾವ ಗದ್ದೆಯಂಚಿನಲ್ಲಿ ನಡೆದು ಬಂದು, ಕಾಲು ತೊಳೆಯುತ್ತ ‘ಅಡ್ಡಿಲ್ಲೆ’ ಎಂದರೋ, ಆವತ್ತು ರಂಗಸ್ಥಳ ಹೊತ್ತಿ ಉರಿದಿದೆ ಎಂದೇ ಲೆಕ್ಕ. ಇಂಥವರು ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದಾಗ, 2001ರ ಮಳೆಗಾಲದ ಒಂದು ಮಧ್ಯಾಹ್ನ, ದೊಡ್ಡಪ್ಪನ ಮಗ ಕೊಟ್ಟ ಕ್ಯಾಸೆಟ್ಟೊಂದನ್ನು ನಾನು ಟೇಪ್ ರೆಕಾರ್ಡರಿಗೆ ತುರುಕಿದೆ. ಲಿಂಕಿನ್ ಪಾರ್ಕ್ ಎಂಬ ಕ್ಯಾಲಿಫೋರ್ನಿಯಾದ ಹುಡುಗರ ಮೊದಲ ಆಲ್ಬಂ, ‘ಹೈಬ್ರಿಡ್ ಥಿಯರಿ’. ಅದು ಹೊರಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಕುಂದಾಪುರದ ಕಡೆಯ ನಮ್ಮ ಹಳ್ಳಿಗೆ ಅಷ್ಟು ಬೇಗ ತಲುಪಿದ ಅಮೆರಿಕದ ವಸ್ತು ಅದೊಂದೇ ಇರಬೇಕು.

ಮೊದಲ ಹಾಡಿನಲ್ಲೇ ತಂಡದ ಡಿಜೆ ಜೋ ಹಾನ್ ತನ್ನ ತಟ್ಟೆಯನ್ನು ಕರಕರ ಉಜ್ಜಿದ. ಒಳಗಿನಿಂದ ಅಮ್ಮ ಕೂಗಿದರು: “ರೀಲು ಸಿಕ್ಕಾಕಂಡಿತ್ ಕಾಣ್! ಪೆನ್ಸಿಲ್ ತಕಂಡ್ ಬಾ!” ಇಲ್ಲಮ್ಮ, ಅದು ಹಾಡೇ ಹಾಗೆ ಎಂದು ಒಪ್ಪಿಸುವಷ್ಟರಲ್ಲಿ ಚೆಸ್ಟರ್ ಬೆನ್ನಿಂಗ್ಟನ್ ಶುರು ಮಾಡಿದ್ದ. ಅಜ್ಜ ಅಡಕತ್ತರಿಯನ್ನು ಕೆಳಗಿಟ್ಟರು.

“ಆ ಕೂಗುವವ ಯಾರ್?”

“ಚೆಸ್ಟರ್ ಅಂತ, ಅಜ್ಜ.”

“ನಡೂಕೆ ಪಟಪಟ ಮಾತಾಡುವವ?”

“ಅವ ಮೈಕ್. ಮೈಕ್ ಶಿನೋಡ.”

ಅಜ್ಜ ಸ್ವಲ್ಪ ಹೊತ್ತು ಕೇಳಿದರು. “ಹಂಗಾರೆ ಇವ ಭಾಗವತ, ಅವ ಅರ್ಥಧಾರಿ” ಎಂದು ತೀರ್ಮಾನ ಕೊಟ್ಟರು. ಮತ್ತೆ ಅಡಿಕೆ ಎತ್ತಿಕೊಳ್ಳುತ್ತ, “ಭಾಗವತನಿಗೆ ಹೊಟ್ಟಿ ನೋವಾ ಎಂತ?” ಎಂದರು.

ರ‍್ಯಾಪ್-ರಾಕ್ ಎಂದರೇನು ಎಂದು ವಿವರಿಸುವ ಬರಹಗಳನ್ನು ಆಮೇಲೆ ಬೇಕಾದಷ್ಟು ಓದಿದ್ದೇನೆ. ಒಂದೂ ಅಜ್ಜನ ಮಾತಿನ ಹತ್ತಿರ ಸುಳಿದಿಲ್ಲ. ಒಬ್ಬ ಪದ ಹೇಳುತ್ತಾನೆ, ಇನ್ನೊಬ್ಬ ಅದಕ್ಕೆ ಅರ್ಥ ಹೇಳುತ್ತಾನೆ, ಹಿಂದೆ ಚಂಡೆ. ಇದಕ್ಕಿಂತ ಹೆಚ್ಚೇನಿದೆ ಅದರಲ್ಲಿ?

ಎರಡು ವರ್ಷದ ಮೇಲೆ ನಾನು ದಾವಣಗೆರೆಯ ಹಾಸ್ಟೆಲೊಂದನ್ನು ಸೇರಿದೆ. ಅದೇ ವರ್ಷ, 2003ರ ಮಾರ್ಚಿನಲ್ಲಿ, ಎರಡನೆಯ ಆಲ್ಬಂ ‘ಮೀಟಿಯೋರಾ’ ಬಂದಿತ್ತು. ನಮ್ಮ ಕಾರಿಡಾರಿನಲ್ಲಿ ಬೆಳಿಗ್ಗೆ ಆರಕ್ಕೆ ಒಬ್ಬ ಸುಪ್ರಭಾತ ಹಾಕುತ್ತಿದ್ದ. ಆರೂ ಐದಕ್ಕೆ ಆರು ಕೋಣೆಗಳಿಂದ ಲಿಂಕಿನ್ ಪಾರ್ಕ್ ಎದ್ದು ವೆಂಕಟೇಶ್ವರನನ್ನು ಮತ್ತೆ ಮಲಗಿಸುತ್ತಿತ್ತು. ಇಂಗ್ಲಿಷ್ ಲೆಕ್ಚರರ್ ಪ್ರಶ್ನೆ ಕೇಳಿದರೆ ಮೇಜಿನ ಕೆಳಗೆ ಅಡಗುತ್ತಿದ್ದವರೆಲ್ಲ ಶಿನೋಡನ ರ‍್ಯಾಪನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆವು. ನಾನಂತೂ ಎಂಜಿನಿಯರಿಂಗ್ ಡ್ರಾಯಿಂಗ್ ಪುಸ್ತಕದ ಕೊನೆಯ ಹಾಳೆಗಳಲ್ಲಿ ಆ ಸಾಲುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟಿದ್ದೆ. ಅದನ್ನು ತೆರೆದು ನೋಡಿದ ಮೇಷ್ಟ್ರು ಯಾವುದೋ ಮಂತ್ರವಿರಬೇಕೆಂದು ಭಾವಿಸಿ ಗೌರವದಿಂದ ಮುಚ್ಚಿಟ್ಟರು.

ನಮ್ಮ ಸಿಟ್ಟಿನ ವಿಚಾರ ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಆ ಹಾಡುಗಳ ತುಂಬ ಸಿಟ್ಟು. ಚೆಸ್ಟರನ ಸಿಟ್ಟಿಗೆ ಕಾರಣವಿತ್ತು. ಅರಿಜೋನದಲ್ಲಿ ಕಳೆದ ಬಾಲ್ಯದಲ್ಲಿ ಅವನು ಅನುಭವಿಸಿದ ದೌರ್ಜನ್ಯ, ಆಮೇಲೆ ಹಿಡಿದ ಮಾದಕ ವಸ್ತುಗಳ ಚಟ, ಇವನ್ನೆಲ್ಲ ಅವನೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದ. ನಮಗೆ? ನನಗೆ ತಿಂಗಳಿಗೊಮ್ಮೆ ಮನೆಯಿಂದ ಹಪ್ಪಳ, ಉಪ್ಪಿನಕಾಯಿ ಬರುತ್ತಿತ್ತು. ಪಕ್ಕದ ಮಂಚದ ವಿಜಾಪುರದವನಿಗೆ ಡಬ್ಬಿಗಟ್ಟಲೆ ಶೇಂಗಾ ಹೋಳಿಗೆ. ನಮ್ಮ ಬದುಕಿನ ದೊಡ್ಡ ಅನ್ಯಾಯವೆಂದರೆ ಇಂಟರ್ನಲ್ಸಿನಲ್ಲಿ 25ಕ್ಕೆ 11 ಬಂದದ್ದು ಮತ್ತು ಮಂಗಳವಾರದ ಉಪ್ಪಿಟ್ಟು. ಹೀಗಾಗಿ ಸಿಟ್ಟನ್ನು ಕ್ಯಾಲಿಫೋರ್ನಿಯಾದಿಂದ ಕಡ ತರಿಸಿಕೊಂಡೆವು. ಅವನ ಗಂಟಲು, ನಮ್ಮ ಉಪ್ಪಿಟ್ಟು. ಒಗ್ಗರಣೆ ಚೆನ್ನಾಗಿಯೇ ಹೊಂದುತ್ತಿತ್ತು. ಒಂದು ವಿಚಿತ್ರ ಆಮೇಲೆ ಹೊಳೆಯಿತು: ಅಷ್ಟೆಲ್ಲ ಕೂಗಾಡಿದರೂ ಆ ಎರಡು ಆಲ್ಬಂಗಳಲ್ಲಿ ಒಂದೇ ಒಂದು ಬೈಗುಳವಿರಲಿಲ್ಲ. ನಮ್ಮ ಮನೆಯ ಜಗಲಿಯಲ್ಲಿ ಆ ಕ್ಯಾಸೆಟ್ ಪಾರಾದದ್ದು ಹಾಗೆ.

ಅಂತೂ ನಾಲ್ಕು ವರ್ಷ ಕಾದೆವು. 2007ರ ಮೇ ತಿಂಗಳು ಮೂರನೆಯ ಆಲ್ಬಂ ಬಂತು, ‘ಮಿನಿಟ್ಸ್ ಟು ಮಿಡ್‌ನೈಟ್’. ನಮ್ಮ ಕೊನೆಯ ಸೆಮಿಸ್ಟರಿನ ಪರೀಕ್ಷೆ ಬಾಗಿಲಲ್ಲಿ ನಿಂತಿತ್ತು. ಯಾರೋ ಸೈಬರ್ ಕೆಫೆಯಲ್ಲಿ ರಾತ್ರಿ ಕೂತು ಇಳಿಸಿಕೊಂಡು ಪೆನ್ ಡ್ರೈವಿನಲ್ಲಿ ತಂದ. ಹದಿನಾಲ್ಕು ಜನ ಒಂದು ಕಂಪ್ಯೂಟರಿನ ಸುತ್ತ ಕೂತೆವು. ಮೊದಲ ತುಣುಕು ಬರೀ ವಾದ್ಯ. ಸರಿ, ಪೀಠಿಕೆ ಇರಲಿ. ಎರಡನೆಯದರಲ್ಲಿ ಚೆಸ್ಟರ್ ಹದಿನೇಳು ಸೆಕೆಂಡು ಒಂದೇ ಸಮ ಕಿರುಚಿದ. ನಮಗೆ ಜೀವ ಬಂತು. ಮೂರನೆಯದು ನಿಧಾನ. ಮುಂದೆ ಒಂದರಲ್ಲಿ ಶಿನೋಡ ಎದ್ದು ಬಂದ, ಮತ್ತೆ ನಿಧಾನ. ಹನ್ನೆರಡು ಹಾಡು ಮುಗಿದಾಗ ಬೆರಳು ಮಡಚಿ ಎಣಿಸಿದರೆ ರ‍್ಯಾಪ್ ಇದ್ದದ್ದು ಎರಡರಲ್ಲಿ. ಸಾಲದ್ದಕ್ಕೆ ಇನ್ನೊಂದರಲ್ಲಿ ಅದೇ ಶಿನೋಡ ಮೆತ್ತಗೆ ರಾಗ ಎಳೆದಿದ್ದ. ಅರ್ಥಧಾರಿಯೇ ಹೋಗಿ ಭಾಗವತರ ಪೀಠದಲ್ಲಿ ಕೂತ ಹಾಗೆ.

ಯಾರೂ ಮಾತಾಡಲಿಲ್ಲ. ಕೊನೆಗೆ ವಿಜಾಪುರದವನು ಅಂದ: “ಮಿರ್ಚಿ ಭಜಿ ಕೇಳಿದ್ರ ಹಾಲು-ಸಕ್ರಿ ಕೊಟ್ಟಾರಲ್ಲೋ!” ಎದ್ದು ಹೋದವನೇ ಮಂಚದ ಮೇಲಿದ್ದ ತಂಡದ ಪೋಸ್ಟರನ್ನು ಕಿತ್ತ. ಅದರ ಹಿಂದೆ ಗೋಡೆ ಮಳೆನೀರು ಕುಡಿದು ಹಸಿರುಗಟ್ಟಿತ್ತು. ನೋಡಲಾರದೆ ಮಾರನೆಯ ದಿನ ಪೋಸ್ಟರನ್ನು ಅನ್ನದ ಅಗುಳು ಹಚ್ಚಿ ಮತ್ತೆ ಅಂಟಿಸಿದ. ಆದರೆ ಕೆಲವು ದಿನ ಅದರ ಕಡೆ ಬೆನ್ನು ಮಾಡಿಯೇ ಮಲಗಿದ.

ಅಪರಾಧಿಯನ್ನೂ ಹುಡುಕಿದೆವು. ಹಿಂದಿನ ಎರಡಕ್ಕೆ ನಿರ್ಮಾಪಕನಾಗಿದ್ದ ಡಾನ್ ಗಿಲ್ಮೋರ್ ಈ ಬಾರಿ ಇರಲಿಲ್ಲ. ಅವನ ಜಾಗಕ್ಕೆ ಋಷಿಯ ಹಾಗೆ ಗಡ್ಡ ಬಿಟ್ಟ ರಿಕ್ ರೂಬಿನ್ ಬಂದಿದ್ದ. ಈ ರೂಬಿನ್ ಯಾರು ಗೊತ್ತೇ? 1986ರಲ್ಲಿ ರನ್-ಡಿಎಂಸಿ ಎಂಬ ರ‍್ಯಾಪ್ ತಂಡವನ್ನೂ ಏರೋಸ್ಮಿತ್ ಎಂಬ ರಾಕ್ ತಂಡವನ್ನೂ ಒಂದೇ ಹಾಡಿನಲ್ಲಿ ಕೂರಿಸಿದವನು. ರ‍್ಯಾಪಿಗೂ ರಾಕಿಗೂ ಧಾರೆ ಎರೆಸಿದ ಭಟ್ಟರೇ ಇಪ್ಪತ್ತೊಂದು ವರ್ಷದ ಮೇಲೆ ಬಂದು ಸೋಡಚೀಟಿಗೂ ಸಾಕ್ಷಿ ಹಾಕಿದರು! ಹದಿನಾಲ್ಕೂ ಜನ ಸೇರಿ ಆಲ್ಬಮಿಗೆ ಬಹಿಷ್ಕಾರ ಘೋಷಿಸಿದೆವು. ಅಮೆರಿಕದಲ್ಲಿ ಅದು ಮೊದಲ ವಾರವೇ ಆರು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಕಾಸು ಕೊಡದೆ ಕದ್ದು ಕೇಳಿದವರು ಬಹಿಷ್ಕಾರ ಹಾಕಿದರೆ ಕಂಪನಿಗೆ ಎಷ್ಟು ನಷ್ಟ ಎಂಬ ಲೆಕ್ಕವನ್ನು, ಎಂಜಿನಿಯರುಗಳಾಗಲಿದ್ದ ನಮ್ಮಲ್ಲಿ ಒಬ್ಬನೂ ಮಾಡಲಿಲ್ಲ.

ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ಅಜ್ಜನಿಗೂ ಕೇಳಿಸಿದೆ. ಅವರ ಕಿವಿ ಆಗಲೇ ಮಂದವಾಗಿತ್ತು. ಸ್ಪೀಕರಿಗೆ ಕೈ ಒತ್ತಿ ಹಿಡಿದು ಕೇಳಿದರು.

“ಈಗ ಹೊಟ್ಟಿ ನೋವ್ ಕಮ್ಮಿ ಆದಂಗ್ ಕಾಣ್ತ್.” ಮತ್ತೆ ಸುಮಾರು ಹೊತ್ತಿನ ಮೇಲೆ, “ಅರ್ಥಧಾರಿ ಎಲ್ಲಿ?”

ಅಷ್ಟು ಸಾಕಿತ್ತು ನನಗೆ. ಮೋಸ ಅಜ್ಜ, ದುಡ್ಡಿನಾಸೆ ಅಜ್ಜ, ರೇಡಿಯೋದವರನ್ನು ಮೆಚ್ಚಿಸಲು ಹೊರಟಿದ್ದಾರೆ ಎಂದು ಕಾಲು ಗಂಟೆ ತಾಳಮದ್ದಳೆ ನಡೆಸಿದೆ. ಅಜ್ಜ ಎಲ್ಲ ಕೇಳಿಸಿಕೊಂಡು, “ನಾನೂ ಒಬ್ಬ ಭಾಗವತನ ಹತ್ರ ಸಿಟ್ಟ್ ಮಾಡಿದ್ದೆ ಮಾಣಿ” ಎಂದರು. ಯಾರು, ಏನು ಎಂದು ನಾನು ಕೇಳಲಿಲ್ಲ. ನನ್ನ ಸಿಟ್ಟೇ ನನಗೆ ಮುಖ್ಯವಾಗಿತ್ತು. ಎರಡು ವರ್ಷದ ಮೇಲೆ ಅಜ್ಜ ಹೋದರು.

2010ರಲ್ಲಿ ‘ಎ ಥೌಸಂಡ್ ಸನ್ಸ್’ ಬಂತು. ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ದಿನಕ್ಕೊಂದು ಆಲ್ಬಂ ಕೇಳಿ ಮುಗಿಸುವಷ್ಟು ಅನುಕೂಲಸ್ಥನಾಗಿದ್ದೆ. ಇದರಲ್ಲಿ ಗಿಟಾರೇ ಹಿಂದೆ ಸರಿದು, ಎಲ್ಲೆಲ್ಲೂ ಮಿಷನ್ನಿನ ಗುಂಯ್‌ಗುಡುವಿಕೆ. ನಡುವೆ ಅಣುಬಾಂಬಿನ ಓಪನ್‌ಹೈಮರನ ಮುದಿ ದನಿ, ಗೀತೆಯನ್ನು ನೆನೆಯುತ್ತ. ಹೆಸರೇ ಅಲ್ಲಿಂದ ಬಂದದ್ದು: ಹನ್ನೊಂದನೆಯ ಅಧ್ಯಾಯದ ವಿಶ್ವರೂಪದಲ್ಲಿ ಬರುವ ಸಾವಿರ ಸೂರ್ಯರ ಬೆಳಕು. ಇದನ್ನು ಫೋನಿನಲ್ಲಿ ಹೇಳಿದಾಗ ಅಮ್ಮನಿಗೆ ತಂಡದ ಮೇಲೆ ಒಮ್ಮೆಲೇ ಅಭಿಮಾನ ಉಕ್ಕಿತು. ಒಂಬತ್ತು ವರ್ಷ ನಾನು ಹೇಳಿ ಒಪ್ಪಿಸಲಾಗದ್ದನ್ನು ಕೃಷ್ಣ ಒಂದೇ ಶ್ಲೋಕದಲ್ಲಿ ಒಪ್ಪಿಸಿದ. ನಾನು ಮಾತ್ರ ಒಪ್ಪಲಿಲ್ಲ. ವಿಶ್ವರೂಪ ಯಾರಿಗೆ ಬೇಕಿತ್ತು? ನನಗೆ ಬೇಕಾದದ್ದು ಹಾಸ್ಟೆಲಿನ ಕಾರಿಡಾರು. ಆ ಆಲ್ಬಂ ನಿಜವಾಗಿ ಒಳ್ಳೆಯದು ಎಂದು ಈಗ ಅನ್ನಿಸುತ್ತದೆ. ಬಹುಶಃ ಅವರದರಲ್ಲೆಲ್ಲ ಧೈರ್ಯದ್ದು. ಈ ಮಾತನ್ನು ವಿಜಾಪುರದವನ ಮುಂದೆ ಮಾತ್ರ ಆಡುವುದಿಲ್ಲ.

ನಡುವಿನ ಎರಡನ್ನು ಬಿಟ್ಟುಬಿಡೋಣ. 2017ರ ಮೇ ತಿಂಗಳಲ್ಲಿ ‘ಒನ್ ಮೋರ್ ಲೈಟ್’ ಬಂತು. ಇದು ಪೂರಾ ಪಾಪ್. ಮಾಲ್‌ನಲ್ಲಿ ಶರ್ಟ್ ಆರಿಸುವಾಗ ಹಿನ್ನೆಲೆಗೆ ಹಾಕಿದರೂ ಯಾರೂ ತಲೆಯೆತ್ತಿ ನೋಡರು. ಲೋಕದ ಅಭಿಮಾನಿಗಳೆಲ್ಲ ಹಳೆಯದನ್ನೇ ಕೊಡಿ ಎಂದು ಗೋಳಾಡಿದರು. ಚೆಸ್ಟರ್ ಸಂದರ್ಶನವೊಂದರಲ್ಲಿ ರೇಗಿದ: ‘ಹೈಬ್ರಿಡ್ ಥಿಯರಿ’ ಒಳ್ಳೆಯದೇ, ಆದರೆ ಎಷ್ಟು ವರ್ಷ ಆಯಿತು, ಇನ್ನೂ ಅದನ್ನೇ ಹಿಡಿದು ಕೂತಿದ್ದೀರಲ್ಲ ಎನ್ನುವ ಅರ್ಥದಲ್ಲಿ. ನಮ್ಮ ಹಾಸ್ಟೆಲಿನ ಹದಿನಾಲ್ಕು ಜನ ಆಗ ವಾಟ್ಸಾಪಿನಲ್ಲಿ ಒಂದು ಗುಂಪಾಗಿದ್ದೆವು. ಹೊಟ್ಟೆ ಬಂದವರು, ಸಾಲದ ಕಂತು ಕಟ್ಟುವವರು, ಮಕ್ಕಳನ್ನು ಅಬಾಕಸ್ ಕ್ಲಾಸಿಗೆ ಬಿಟ್ಟು ಕಾರಿನಲ್ಲೇ ಕಾಯುವವರು. ನಮ್ಮಲ್ಲಿ ಒಬ್ಬನೂ 2001ರಲ್ಲಿದ್ದಂತೆ ಉಳಿದಿರಲಿಲ್ಲ. ಉಳಿಯುವ ಕೆಲಸವನ್ನು ಅವನಿಗೆ ವಹಿಸಿದ್ದೆವು. ಆ ಗುಂಪಿನಲ್ಲಿ ನಾನು ಬರೆದೆ: “ಇವನ ಕಥೆ ಮುಗೀತು ಬಿಡ್ರೋ. ಗಂಟಲೇ ಹೋಯ್ತು.” ಹನ್ನೊಂದು ಹೆಬ್ಬೆರಳು ಬಂದವು.

ಜುಲೈ 21ರ ಬೆಳಿಗ್ಗೆ ಎದ್ದು ನೋಡಿದರೆ ಅದೇ ಗುಂಪಿನಲ್ಲಿ ರಾತ್ರಿಯಿಡೀ ಸಂದೇಶಗಳು. ಚೆಸ್ಟರ್ ಹಿಂದಿನ ದಿನ ಮನೆಯಲ್ಲಿ ಜೀವ ಕಳೆದುಕೊಂಡಿದ್ದ. ನಲವತ್ತೊಂದು ವರ್ಷ. ನನ್ನ ಆ ಸಾಲನ್ನು ಹುಡುಕಿ ಅಳಿಸಲು ಹೋದೆ. ಎರಡು ತಿಂಗಳ ಹಿಂದಿನದು, ನನ್ನ ಫೋನಿನಿಂದ ಹೋಯಿತು. ಉಳಿದ ಹದಿಮೂರು ಫೋನುಗಳಲ್ಲಿ ಹಾಗೇ ಇದೆ. ಆ ದಿನ ಆಫೀಸಿಗೆ ಹೋಗುತ್ತ ‘ಒನ್ ಮೋರ್ ಲೈಟ್’ ಹಾಕಿದೆ. ಮಾಲಿನ ಹಾಡು ಎಂದಿದ್ದೆನಲ್ಲ, ಅದನ್ನು ಸಿಲ್ಕ್ ಬೋರ್ಡ್ ದಾಟುವ ತನಕ ಕೇಳಲಾಗಲಿಲ್ಲ. ಹೊಟ್ಟೆ ನೋವು ಕಮ್ಮಿಯಾಗಿದೆ ಎಂದು ಅಜ್ಜ ಹೇಳಿದ್ದನ್ನು ನಾನೂ ನಂಬಿದ್ದೆ. ಅದು ಬರೀ ಕೂಗುವುದನ್ನು ನಿಲ್ಲಿಸಿತ್ತು.

ಆ ವರ್ಷ ಚೌತಿಗೆ ಊರಿಗೆ ಹೋದಾಗ ಅಟ್ಟದ ಮೇಲೆ ಅಜ್ಜನ ತಗಡಿನ ಪೆಟ್ಟಿಗೆ ಸಿಕ್ಕಿತು. ಪಂಚಾಂಗ, ಕನ್ನಡಕ, ಮತ್ತು ಮುವ್ವತ್ತಕ್ಕೂ ಹೆಚ್ಚು ಯಕ್ಷಗಾನದ ಕ್ಯಾಸೆಟ್. ತಿರುವಿ ನೋಡಿದರೆ ಎಲ್ಲದರಲ್ಲೂ ಒಬ್ಬರದೇ ಭಾಗವತಿಕೆ: ಗುಂಡ್ಮಿ ಕಾಳಿಂಗ ನಾವಡರು. ಅಜ್ಜಿಯನ್ನು ಕೇಳಿದೆ.

ಅಜ್ಜಿ ನಗಾಡಿದರು. ಸಾಲಿಗ್ರಾಮ ಮೇಳದಲ್ಲಿ ನಾವಡರು ಮೆರೆಯುತ್ತಿದ್ದ ಕಾಲದಲ್ಲಿ, ಒಂದು ರಾತ್ರಿ ಅಜ್ಜ ನಡು ಆಟದಲ್ಲೇ ಡೇರೆಯಿಂದ ಎದ್ದು ಬಂದಿದ್ದರಂತೆ. ಪದವನ್ನು ಹಾಗೆ ಎಳೆಯುವುದುಂಟಾ, ಎಲ್ಲಿಯದೋ ರಾಗ ತಂದು ಹಾಕುವುದುಂಟಾ, ಇದು ಆಟವಾ ಸಿನಿಮಾವಾ ಎಂದು ಊರೆಲ್ಲ ಕೇಳುವಂತೆ ಬೈದು, ಇನ್ನು ಆ ಭಾಗವತನ ಆಟಕ್ಕೆ ಟಿಕೇಟು ತೆಗೆಯುವುದಿಲ್ಲವೆಂದು ಶಪಥ ಮಾಡಿದ್ದರಂತೆ. ‘ನಾಗಶ್ರೀ’ ಬಂದಾಗ ಊರಿಗೆ ಊರೇ ಹೋಯಿತು. ಆ ಪ್ರಸಂಗ ಬರೆದವರೂ ನಾವಡರೇ. ಅಜ್ಜ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದರು. 1990ರಲ್ಲಿ ನಾವಡರು ರಸ್ತೆ ಅಪಘಾತದಲ್ಲಿ ಹೋದರು, ಮೂವತ್ತರ ಆಸುಪಾಸಿನಲ್ಲೇ. “ಆವತ್ತ್ ಮಧ್ಯಾಹ್ನ ಉಣ್ಲಿಲ್ಲೆ ಅವ್ರ್” ಎಂದರು ಅಜ್ಜಿ. “ಮಾರ್ನೆ ವಾರ ಕುಂದಾಪ್ರಕ್ಕ್ ಹೋಯಿ ಟೇಪ್ ರೆಕಾರ್ಡ್ ತಂದ್ರ್.”

ನಾನು ‘ಹೈಬ್ರಿಡ್ ಥಿಯರಿ’ ಹಾಕಿದ ಟೇಪ್ ರೆಕಾರ್ಡರು ಅದೇ.

2024ರಲ್ಲಿ ತಂಡ ಮತ್ತೆ ಎದ್ದಿತು. ಭಾಗವತರ ಜಾಗಕ್ಕೆ ಎಮಿಲಿ ಆರ್ಮ್‌ಸ್ಟ್ರಾಂಗ್ ಬಂದಳು. ನವೆಂಬರಿನಲ್ಲಿ ಬಂದ ಆಲ್ಬಮಿನ ಹೆಸರು ‘ಫ್ರಮ್ ಝೀರೋ’. ಝೀರೋ ಎನ್ನುವುದು ತಂಡದ ಮೊಟ್ಟಮೊದಲ ಹೆಸರೂ ಹೌದು. ಕಾಲೇಜಿಗೆ ಹೋಗುವ ಅಕ್ಕನ ಮಗಳು ಮನೆಗೆ ಬಂದವಳು, ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗೆ ಸಿಕ್ಕಿಸಿದಳು. ಹೆಂಗಸಿನ ದನಿ, ಆದರೆ ಸಿಟ್ಟಿಗೇನೂ ಕೊರತೆಯಿಲ್ಲ. ಶಿನೋಡ ಪಟಪಟ ಮಾತಾಡುತ್ತಿದ್ದ. ಹಳೇ ಭಾಗವತಿಕೆಯ ಗತ್ತೇ ಬೇರೆ ಎಂಬ ಮಾತು ತುಟಿಯವರೆಗೆ ಬಂದು ನಿಂತಿತ್ತು.

“ಹ್ಯಾಂಗಿತ್ತ್ ಮಾವ?” ಎಂದಳು.

“ಅಡ್ಡಿಲ್ಲೆ” ಎಂದೆ.

ಅವಳ ಮುಖ ಸಣ್ಣದಾಯಿತು. ಅಷ್ಟೇಯಾ ಎಂದು ಇಯರ್‌ಫೋನನ್ನು ನನ್ನ ಕಿವಿಯಿಂದ ಕಿತ್ತುಕೊಂಡು, ಎರಡೂ ತುದಿಯನ್ನು ತನ್ನ ಕಿವಿಗೇ ಹಾಕಿಕೊಂಡು ಒಳಗೆ ಹೋದಳು.